ಗುಳಿಗೆ ಒಂದು, ವಾಂತಿಯ ದಾರಿ ಹಲವು

ಕಾಗಲ ದಾಟಿ ಕರ್ನಾಟಕಕ್ಕೆ ಕಾಲಿಡುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮೊದಲಿಗೆ ಸಿಗುವ ಊರುಗಳಲ್ಲಿ ಕೊಗನೊಳ್ಳಿಯೂ ಒಂದು. ಟೋಲ್ ನಾಕಾದ ಸದ್ದು ಹಿಂದೆ ಬಿಟ್ಟು ಒಳದಾರಿ ಹಿಡಿದರೆ ಕಬ್ಬು, ಸೋಯಾ, ನಡುನಡುವೆ ತಂಬಾಕು. ನಿಪ್ಪಾಣಿ ಸೀಮೆಯ ಕಪ್ಪು ಮಣ್ಣಿನ ತಂಬಾಕು ಬೀಡಿಗೆ ಹೇಳಿ ಮಾಡಿಸಿದ್ದು ಎಂಬ ಹೆಸರು ಹಳೆಯದು. ಮಳೆಗಾಲದಲ್ಲಿ ಸಸಿ ನಾಟಿ ಮಾಡಿದರೆ ಚಳಿ ಬೀಳುವ ಹೊತ್ತಿಗೆ ಎಲೆ ಅಗಲವಾಗಿ, ದಪ್ಪವಾಗಿ ಕಟಾವಿಗೆ ಬರುತ್ತದೆ. ನಸುಕಿನಲ್ಲೇ ಹೊಲಕ್ಕಿಳಿದು ಕುಡಿ ಚಿವುಟುವ, ಚಿಗುರು ಮುರಿಯುವ ಹೆಣ್ಣುಮಕ್ಕಳ ತೋಳು ಇಬ್ಬನಿಗೆ ತೊಯ್ದು ತೊಪ್ಪೆಯಾಗುತ್ತದೆ. ಎಲೆಯ ಅಂಟು ಬೆರಳಿಗೆ ಮೆತ್ತಿ ಕಪ್ಪಾಗುತ್ತದೆ. ಒಂದು ಸಲ ತೊಳೆದರೆ ಹೋಗುವಂಥದ್ದಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಲವರಿಗೆ ತಲೆ ಸುತ್ತಲು ಶುರುವಾಗುತ್ತದೆ. ಬಾಯಲ್ಲಿ ನೀರೂರುತ್ತದೆ, ಹೊಟ್ಟೆ ತೊಳಸುತ್ತದೆ, ಬದುವಿನ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಾರೆ. 'ಪಿತ್ತ ಆಗೈತಿ', 'ಬಿಸಲು ಬಡದೈತಿ' ಎನ್ನುವುದು ಮನೆಯವರ ತೀರ್ಮಾನ. ಮಜ್ಜಿಗೆ, ಲಿಂಬೆ ಶರಬತ್ತಿಗೆ ಬಗ್ಗದಿದ್ದರೆ ಮೆಡಿಕಲ್ ಅಂಗಡಿಯಿಂದ ವಾಂತಿ ಗುಳಿಗೆ ಬರುತ್ತದೆ. ಬಹಳ ಸಲ ಆ ಗುಳಿಗೆ ಒಂಡಾನ್‌ಸೆಟ್ರಾನ್. ವಿಷಾಹಾರದಿಂದ ನರಳುತ್ತಿದ್ದ ಪಕ್ಕದ ಮನೆಯ ಹುಡುಗನಿಗೆ ಅರ್ಧ ತಾಸಿನಲ್ಲಿ ಆರಾಮ ಕೊಟ್ಟ ಅದೇ ಗುಳಿಗೆ, ಆಂಬೋಲಿ ಘಾಟಿನ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಇಟ್ಟವರಿಗೆ ಏನೂ ಮಾಡುವುದಿಲ್ಲ. ಒಂದೇ ಔಷಧ ಒಬ್ಬರಿಗೆ ಸಂಜೀವಿನಿ, ಇನ್ನೊಬ್ಬರಿಗೆ ಬರೀ ಸುಣ್ಣದ ತುಂಡು. ಕಾರಣ ಗುಳಿಗೆಯ ಗುಣಮಟ್ಟದಲ್ಲಿಲ್ಲ, ವಾಂತಿ ಹುಟ್ಟುವ ಬಗೆಯಲ್ಲಿದೆ.

ಅಪ್ಪಣೆ ಕೊಡುವುದು ಮಿದುಳು

ವಾಂತಿ ಹೊಟ್ಟೆಯ ಕೆಲಸ ಎಂಬುದು ಎಲ್ಲರ ನಂಬಿಕೆ. ಅಸಲಿಗೆ ಜಠರ ಇಲ್ಲಿ ಬರೀ ಚೀಲ. ಕೆಲಸವೆಲ್ಲ ನಡೆಯುವುದು ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗದ ಅಪ್ಪಣೆಯಂತೆ. ಅಪ್ಪಣೆ ಹೊರಟ ಕೂಡಲೆ ಮೊದಲು ಬಾಯಿ ತುಂಬ ಜೊಲ್ಲು ಬರುತ್ತದೆ. ಮೇಲೆ ಬರುವ ಆಮ್ಲದಿಂದ ಹಲ್ಲನ್ನು ಕಾಯುವ ಏರ್ಪಾಡು ಅದು. ಸಣ್ಣ ಕರುಳಿನಲ್ಲಿ ಕೆಳಮುಖವಾಗಿ ಸಾಗಬೇಕಾದ ಅಲೆ ತಿರುಗಿ ಮೇಲಕ್ಕೆ ಬರುತ್ತದೆ. ಒಂದು ದೀರ್ಘ ಉಸಿರು, ಶ್ವಾಸನಾಳದ ಬಾಯಿ ಮುಚ್ಚುತ್ತದೆ, ಅನ್ನನಾಳದ ಕೆಳಗಿನ ಬಿಗಿ ಸಡಿಲುತ್ತದೆ. ಆಮೇಲೆ ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ ಜಠರವನ್ನು ಹಿಂಡುತ್ತವೆ. ಇಷ್ಟು ಕಟ್ಟುನಿಟ್ಟಾದ ಕ್ರಮ ದೇಹಕ್ಕೆ ಸುಮ್ಮನೆ ಬಂದದ್ದಲ್ಲ. ಒಳಗೆ ಹೋದ ವಿಷವನ್ನು ಹೊರಹಾಕಿ ಜೀವ ಉಳಿಸಿಕೊಳ್ಳುವ ಅತಿ ಪುರಾತನ ಉಪಾಯ ಇದು.

ಮೆಡುಲ್ಲಾಗೆ ಸುದ್ದಿ ಮುಟ್ಟುವ ದಾರಿಗಳು ಮುಖ್ಯವಾಗಿ ನಾಲ್ಕು. ಒಂದು, ಕರುಳಿನಿಂದ ವೇಗಸ್ ನರದ ಮೂಲಕ. ಎರಡು, ರಕ್ತದ ಮೂಲಕ. ಮೂರು, ಒಳಗಿವಿಯ ಸಮತೋಲನದ ಅಂಗದಿಂದ. ನಾಲ್ಕು, ಮಿದುಳಿನ ಮೇಲ್ಭಾಗದಿಂದ: ಕೆಟ್ಟ ವಾಸನೆ, ಹೆದರಿಕೆ, ಅಸಹ್ಯ, ಹಳೆಯ ನೆನಪು ಬರುವ ದಾರಿ ಇದು. ಪ್ರತಿ ದಾರಿಯಲ್ಲೂ ಸುದ್ದಿ ಒಯ್ಯುವ ರಾಸಾಯನಿಕ ಬೇರೆ. ಕೊಗನೊಳ್ಳಿ ನಾಕಾದಲ್ಲಿ ಒಂದು ಲೇನಿಗೆ ಅಡ್ಡಪಟ್ಟಿ ಇಳಿಸಿದರೆ ಆ ಲೇನಿನ ಗಾಡಿಗಳಷ್ಟೇ ನಿಲ್ಲುತ್ತವೆ, ಪಕ್ಕದವು ಸರಾಗ ಹೋಗುತ್ತಲೇ ಇರುತ್ತವೆ. ವಾಂತಿಯ ಔಷಧಗಳೂ ಹಾಗೆಯೇ. ಪ್ರತಿಯೊಂದೂ ಮುಖ್ಯವಾಗಿ ತನ್ನ ದಾರಿಯನ್ನು ತಡೆಯುತ್ತದೆ.

ಕರುಳಿನ ಸಿರೊಟೋನಿನ್

ಸಿರೊಟೋನಿನ್ ಎಂದರೆ ಮನಸ್ಸಿನ ಉಲ್ಲಾಸಕ್ಕೆ ಸಂಬಂಧಿಸಿದ್ದು ಎಂದು ಓದಿದವರು ಹಲವರು. ಆದರೆ ದೇಹದ ಸಿರೊಟೋನಿನ್‌ನಲ್ಲಿ ಶೇ 90ರಷ್ಟು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಕರುಳಿನ ಒಳಗೋಡೆಯಲ್ಲಿ ಚದುರಿಕೊಂಡಿರುವ ಎಂಟೆರೊಕ್ರೊಮಾಫಿನ್ ಎಂಬ ಕೋಶಗಳು ಅದನ್ನು ಕಣಕಣವಾಗಿ ಕೂಡಿಟ್ಟುಕೊಂಡಿರುತ್ತವೆ. ಹಳಸಿದ ಅನ್ನದ ವಿಷವೋ, ರೋಟಾವೈರಸ್ಸೋ, ಕ್ಯಾನ್ಸರ್ ಔಷಧವೋ ತಾಗಿದರೆ ಈ ಕೋಶಗಳು ಸಿರೊಟೋನಿನ್ ಸುರಿಸುತ್ತವೆ. ರೋಟಾವೈರಸ್ ನೇರವಾಗಿ ಈ ಕೋಶಗಳನ್ನೇ ಕೆಣಕುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2011ರಲ್ಲಿ ತೋರಿಸಿಕೊಟ್ಟರು.

ಪಕ್ಕದಲ್ಲೇ ವೇಗಸ್ ನರದ ತುದಿಗಳಿವೆ. ಅವುಗಳ ಮೇಲೆ 5-ಎಚ್‌ಟಿ3 ಎಂಬ ಗ್ರಾಹಿಗಳು. ಐದು ತುಣುಕುಗಳು ಸುತ್ತಲೂ ನಿಂತು ನಡುವೆ ಸಣ್ಣ ರಂಧ್ರ ಬಿಟ್ಟಿರುವ ರಚನೆ ಇವುಗಳದು. ಸಿರೊಟೋನಿನ್ ಬಂದು ಕೂತರೆ ರಂಧ್ರ ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ, ನರದಲ್ಲಿ ಮಿಂಚು ಹುಟ್ಟಿ ಮೆಡುಲ್ಲಾಕ್ಕೆ ಓಡುತ್ತದೆ. ಒಂಡಾನ್‌ಸೆಟ್ರಾನ್ ಮಾಡುವುದು ಇಷ್ಟೇ: ಸಿರೊಟೋನಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ರಂಧ್ರ ತೆರೆಯಲು ಬಿಡುವುದಿಲ್ಲ. ಕರುಳಿನಲ್ಲಿ ವಿಷ ಇದ್ದಲ್ಲೇ ಇರುತ್ತದೆ, ಕೋಶಗಳು ಸಿರೊಟೋನಿನ್ ಸುರಿಸುತ್ತಲೇ ಇರುತ್ತವೆ. ಸುದ್ದಿ ಮಾತ್ರ ಮೇಲೆ ಹೋಗುವುದಿಲ್ಲ. ಇದೇ ಗ್ರಾಹಿಗಳು ಮಿದುಳಿನ ವಾಂತಿ ಕೇಂದ್ರದ ಬಳಿಯೂ ಇರುವುದರಿಂದ ಅಲ್ಲಿಯೂ ಔಷಧ ಸ್ವಲ್ಪ ತಡೆ ಒಡ್ಡುತ್ತದೆ.

ನಾಲಿಗೆಯ ಮೇಲೆ ಇಟ್ಟರೆ ಕರಗುವ ಗುಳಿಗೆ ಈಗ ಸಾಮಾನ್ಯ. ಅದು ನಾಲಿಗೆಯಿಂದಲೇ ರಕ್ತಕ್ಕೆ ಸೇರುತ್ತದೆ ಎಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ಅದು ಜೊಲ್ಲಿನೊಂದಿಗೆ ಹೊಟ್ಟೆಗಿಳಿದು, ಬಹುಪಾಲು ಕರುಳಿನಿಂದಲೇ ಹೀರಲ್ಪಡುತ್ತದೆ. ನೀರು ಕುಡಿದರೆ ವಾಂತಿಯಾದೀತು ಎಂಬ ಭಯ ಇರುವವರಿಗೆ ನೀರಿಲ್ಲದೆ ನುಂಗಲು ಅನುಕೂಲ, ಅಷ್ಟೇ ಅದರ ಹೆಚ್ಚುಗಾರಿಕೆ. ಕರುಳಿನಿಂದ ಹೊರಟ ಔಷಧ ಮೊದಲು ಯಕೃತ್ತನ್ನು ಹಾಯಬೇಕು. ಅಲ್ಲಿ ಒಂದು ಪಾಲು ಸುಂಕವಾಗಿ ಹೋಗಿ, ನುಂಗಿದ್ದರಲ್ಲಿ ಸುಮಾರು ಶೇ 60ರಷ್ಟು ಮೈಗೆ ಸಿಗುತ್ತದೆ. ಒಂದೂವರೆ ತಾಸಿನ ಹೊತ್ತಿಗೆ ರಕ್ತದಲ್ಲಿ ಅದರ ಪ್ರಮಾಣ ಏರಿ ನಿಲ್ಲುತ್ತದೆ. ಮೂರು ನಾಲ್ಕು ತಾಸಿಗೆ ಅರ್ಧಕ್ಕಿಳಿಯುತ್ತದೆ. ಮುದುಕರಲ್ಲಿ, ಯಕೃತ್ತು ಕೆಟ್ಟವರಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಚೀಟಿಯ ಮೇಲೆ ಗುಳಿಗೆ ತರುವುದು ತಪ್ಪು ಎನ್ನಲು ಇಷ್ಟು ಕಾರಣ ಸಾಕು.

ಇಲಿಗಳಿಗೆ ವಾಂತಿ ಬರುವುದಿಲ್ಲ

ಈ ಔಷಧ ಹುಟ್ಟಿದ್ದು ಕ್ಯಾನ್ಸರ್ ರೋಗಿಗಳ ಸಂಕಟದಿಂದ. 1978ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಸಿಸ್‌ಪ್ಲಾಟಿನ್ ಹಲವು ಗೆಡ್ಡೆಗಳ ಮೇಲೆ ಪರಿಣಾಮಕಾರಿಯಾಗಿತ್ತು. ಆದರೆ ಅದನ್ನು ತೆಗೆದುಕೊಂಡವರಿಗೆ ಆಗುತ್ತಿದ್ದ ವಾಂತಿ ಎಷ್ಟು ಭೀಕರವೆಂದರೆ ಚಿಕಿತ್ಸೆಯೇ ಬೇಡ ಎಂದು ಅರ್ಧಕ್ಕೆ ಬಿಟ್ಟು ಹೋಗುವವರಿದ್ದರು. 1981ರಲ್ಲಿ ನ್ಯೂಯಾರ್ಕಿನ ವೈದ್ಯ ರಿಚರ್ಡ್ ಗ್ರಾಲಾ ಮತ್ತು ಸಂಗಡಿಗರು ಮೆಟೊಕ್ಲೊಪ್ರಮೈಡ್ ಎಂಬ ಹಳೆಯ ಔಷಧವನ್ನು ಭಾರೀ ಪ್ರಮಾಣದಲ್ಲಿ ಕೊಟ್ಟು ನೋಡಿದರು. ವಾಂತಿ ಗಣನೀಯವಾಗಿ ಇಳಿಯಿತು. ಮೆಟೊಕ್ಲೊಪ್ರಮೈಡ್ ಡೋಪಮಿನ್ ಎಂಬ ರಾಸಾಯನಿಕವನ್ನು ತಡೆಯುವ ಔಷಧ. ಆದರೆ ಡೋಪಮಿನ್ ತಡೆಯುವ ಬೇರೆ ಔಷಧಗಳಿಂದ ಇಂಥ ಫಲ ಸಿಗಲಿಲ್ಲ. ಹಾಗಾದರೆ ದೊಡ್ಡ ಪ್ರಮಾಣದಲ್ಲಿ ಅದು ಇನ್ನೇನನ್ನೋ ತಡೆಯುತ್ತಿರಬೇಕು.

ಪರೀಕ್ಷಿಸೋಣವೆಂದರೆ ಪ್ರಯೋಗಾಲಯದ ಇಲಿಗಳಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ವಿಜ್ಞಾನಿಗಳು ಫೆರೆಟ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಯ ಮೊರೆ ಹೋದರು. ಸಿರೊಟೋನಿನ್ ಗ್ರಾಹಿಯನ್ನು ಮಾತ್ರ ತಡೆದರೂ ಸಿಸ್‌ಪ್ಲಾಟಿನ್ ವಾಂತಿ ನಿಲ್ಲುತ್ತದೆ ಎಂದು ಬ್ರಿಟನ್ನಿನ ಮೈನರ್ ಮತ್ತು ಸ್ಯಾಂಗರ್ 1986ರಲ್ಲಿ ಪ್ರಕಟಿಸಿದರು. ಆ ಹೊತ್ತಿಗಾಗಲೇ ಗ್ಲಾಕ್ಸೊ ಕಂಪನಿಯ ಕೈಯಲ್ಲಿ ಒಂಡಾನ್‌ಸೆಟ್ರಾನ್ ಇತ್ತು. 1991ರ ಜನವರಿಯಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ಕಾಗವಾಡ, ಅಥಣಿ, ರಾಯಬಾಗದಿಂದ ಮೀರಜಿನ ಆಸ್ಪತ್ರೆಗಳಿಗೆ ಕಿಮೊಗೆ ಹೋಗಿಬರುವ ಕುಟುಂಬಗಳಿಗೆ ಈ ಚರಿತ್ರೆಯ ಫಲ ದಿನವೂ ಸಿಗುತ್ತಿದೆ. ಸಲೈನಿಗೆ ಮುನ್ನ ಕೊಡುವ ಇಂಜೆಕ್ಷನ್ನು, ಮನೆಗೆ ಕೊಟ್ಟು ಕಳಿಸುವ ಗುಳಿಗೆಗಳು ಬೇರೆಬೇರೆ ಗುಂಪಿನವು. ಮೊದಲ ದಿನದ ವಾಂತಿಯ ಹಿಂದೆ ಸಿರೊಟೋನಿನ್ ಇರುತ್ತದೆ. ಎರಡನೆಯ ದಿನದಿಂದ ಐದನೆಯ ದಿನದವರೆಗಿನ ವಾಂತಿಯಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಇನ್ನೊಂದು ರಾಸಾಯನಿಕದ ಪಾತ್ರ ದೊಡ್ಡದು. ಅದನ್ನು ತಡೆಯುವ ಅಪ್ರೆಪಿಟೆಂಟ್ 2003ರಲ್ಲಿ ಬಂತು. ಜೊತೆಗೆ ಡೆಕ್ಸಾಮೆಥಾಸೋನ್, ಕೆಲವರಿಗೆ ಒಲಾಂಜಪಿನ್. ಮೊದಲ ದಿನ ಆರಾಮ ಇದೆಯೆಂದು ಮನೆಗೆ ಬಂದ ಮೇಲೆ ಉಳಿದ ಗುಳಿಗೆ ಬಿಡುವವರು ಮೂರನೆಯ ದಿನ ಒದ್ದಾಡುವುದು ಇದಕ್ಕೇ.

ಉಳಿದ ದಾರಿಗಳಿಗೆ ಉಳಿದ ಗುಳಿಗೆಗಳು

ಆಂಬೋಲಿ ಘಾಟಿನ ವಾಂತಿಯದು ಕರುಳಿನ ದಾರಿಯಲ್ಲ. ಬಸ್ಸು ತಿರುಗಿದ್ದನ್ನು ಒಳಗಿವಿ ಹೇಳುತ್ತದೆ, ಕಣ್ಣು ಮುಂದಿನ ಸೀಟನ್ನೇ ನೋಡುತ್ತ 'ಅಲುಗಾಟ ಇಲ್ಲ' ಎನ್ನುತ್ತದೆ. ಈ ತಾಕಲಾಟದ ಸುದ್ದಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಮೂಲಕ ಹೋಗುತ್ತದೆ. ಆದ್ದರಿಂದ ಇಲ್ಲಿ ಬೇಕಾದ್ದು ಪ್ರೊಮೆಥಜಿನ್, ಮೆಕ್ಲಿಜಿನ್ ತರಹದ ಔಷಧ, ಅದೂ ಬಸ್ಸು ಹತ್ತುವ ಅರ್ಧ ತಾಸೋ ಒಂದು ತಾಸೋ ಮೊದಲು. ತೂಕಡಿಕೆ ತರುವ ಗುಣ ಇರುವುದರಿಂದ ಗಾಡಿ ಓಡಿಸುವವರು ಇವನ್ನು ಮುಟ್ಟಬಾರದು.

ರಕ್ತದ ದಾರಿಯದು ಇನ್ನೊಂದು ಕತೆ. ಮಿದುಳಿನ ಸುತ್ತ ರಕ್ತದ ವಸ್ತುಗಳು ಸುಲಭವಾಗಿ ದಾಟಲಾರದ ತಡೆಯಿದೆ. ಆ ತಡೆ ಇಲ್ಲದ ಕೆಲವೇ ಜಾಗಗಳಲ್ಲಿ ಮಿದುಳಿನ ನಾಲ್ಕನೆಯ ಕುಹರದ ತಳದಲ್ಲಿರುವ ಏರಿಯಾ ಪೋಸ್ಟ್ರಿಮಾ ಎಂಬ ಪುಟ್ಟ ಜಾಗವೂ ಒಂದು. ರಕ್ತದಲ್ಲಿ ವಿಷ ಬಂದರೆ ಮೊದಲು ಅರಿವಾಗಲಿ ಎಂದೇ ದೇಹ ಅದನ್ನು ತೆರೆದಿಟ್ಟಂತಿದೆ. 1950ರ ಸುಮಾರಿಗೆ ಎಸ್. ಸಿ. ವಾಂಗ್ ಮತ್ತು ಹರ್ಬರ್ಟ್ ಬೋರಿಸನ್ ಈ ಜಾಗದ ಕೆಲಸವನ್ನು ಗುರುತಿಸಿದರು. ಇಲ್ಲಿ ಡೋಪಮಿನ್ ಗ್ರಾಹಿಗಳು ದಟ್ಟವಾಗಿವೆ. ಅವನ್ನು ತಡೆಯುವ ಡಾಂಪೆರಿಡೋನ್ ಎಂಬ ಔಷಧ ಮಿದುಳಿನೊಳಗೆ ಹೆಚ್ಚಾಗಿ ಹೋಗುವುದಿಲ್ಲ. ಆದರೆ ಏರಿಯಾ ಪೋಸ್ಟ್ರಿಮಾ ತಡೆಯ ಆಚೆ ಇರುವುದರಿಂದ ಅದಕ್ಕೆ ಅಷ್ಟು ಸಾಕು. ಮೆಟೊಕ್ಲೊಪ್ರಮೈಡ್ ಒಳಗೂ ಹೋಗುತ್ತದೆ. ಹಾಗೆ ಹೋದಾಗ ಕೆಲವು ಮಕ್ಕಳಿಗೆ, ಹರೆಯದವರಿಗೆ ಕತ್ತು ಒಂದು ಕಡೆ ತಿರುಚಿ, ಕಣ್ಣುಗುಡ್ಡೆ ಮೇಲೇರಿ ನಿಲ್ಲುತ್ತದೆ. ಇದನ್ನು ನೋಡಿ ಗಾಳಿ ಸೋಕಿದೆ ಎಂದು ಹೆದರಿ ಓಡುವುದು ಬೇಡ. ಇದು ಔಷಧದ ಅಡ್ಡಪರಿಣಾಮ, ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಇಳಿಯುತ್ತದೆ. ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಮೆಟೊಕ್ಲೊಪ್ರಮೈಡನ್ನು ಐದು ದಿನಕ್ಕೆ ಮಿತಿಗೊಳಿಸಿ, ಒಂದು ವರ್ಷದೊಳಗಿನ ಕೂಸುಗಳಿಗೆ ಕೊಡಬಾರದು ಎಂದರು.

ಗರ್ಭಿಣಿಯರ ಬೆಳಗಿನ ಓಕರಿಕೆಗೆ ಡಾಕ್ಸಿಲಮಿನ್ ಮತ್ತು ಬಿ6 ಸೇರಿದ ಗುಳಿಗೆ ಬಹಳ ದೇಶಗಳಲ್ಲಿ ಮೊದಲ ಆಯ್ಕೆ. ಅದನ್ನು ಬರೆಯಬೇಕಾದವರು ವೈದ್ಯರೇ.

ತಂಬಾಕಿನ ಎಲೆ ಮಾಡುವ ವಾಂತಿ

ಈಗ ಮತ್ತೆ ಹೊಲದ ಪ್ರಶ್ನೆ. ಬದುವಿನ ಮೇಲೆ ಕೂತ ಹೆಣ್ಣುಮಗಳಿಗೆ ಆದದ್ದೇನು?

ತಂಬಾಕಿನ ಗಿಡ ನಿಕೋಟಿನ್ ತಯಾರಿಸುವುದು ಬೇರಿನಲ್ಲಿ. ಅಲ್ಲಿಂದ ಅದು ಎಲೆಗೆ ಏರುತ್ತದೆ. ಹೂವಿನ ಕುಡಿ ಚಿವುಟಿದರೆ ಗಿಡ ಗಾಯವಾಯಿತೆಂದು ತಿಳಿದು ಇನ್ನಷ್ಟು ನಿಕೋಟಿನ್ ಕಳಿಸುತ್ತದೆ. ಖಾರದ ಎಲೆಗಾಗಿ ರೈತರು ಕುಡಿ ಚಿವುಟುವುದರ ಗುಟ್ಟೂ ಇದೇ. ನಿಕೋಟಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಚರ್ಮದ ಮೂಲಕ ಸುಲಭವಾಗಿ ಒಳಹೋಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1970ರ ದಶಕದಲ್ಲಿ ಎಲೆಯ ಮೇಲಿನ ಇಬ್ಬನಿಯನ್ನು ಪರೀಕ್ಷಿಸಿದಾಗ 100 ಮಿ.ಲೀ.ಗೆ 9 ಮಿ.ಗ್ರಾಂವರೆಗೆ ನಿಕೋಟಿನ್ ಸಿಕ್ಕಿತ್ತು. ಒದ್ದೆ ತೋಳು, ಬೆವರಿದ ಮೈ, ಎಲೆ ತಾಗಿ ಗೀರಿದ ಚರ್ಮ ಇದ್ದರೆ ಹೀರಿಕೆ ಇನ್ನೂ ಜಾಸ್ತಿ. ರಕ್ತಕ್ಕೆ ಸೇರಿದ ನಿಕೋಟಿನ್ ಏರಿಯಾ ಪೋಸ್ಟ್ರಿಮಾವನ್ನೂ ವೇಗಸ್ ನರವನ್ನೂ ಕೆಣಕುತ್ತದೆ. ತಲೆಸುತ್ತು, ತಲೆನೋವು, ನಿಶ್ಶಕ್ತಿ, ಹೊಟ್ಟೆ ತೊಳಸು, ವಾಂತಿ. ಇದನ್ನು ವೈದ್ಯರು ಹಸಿ ತಂಬಾಕು ಬೇನೆ ಎನ್ನುತ್ತಾರೆ.

1970ರಲ್ಲಿ ಫ್ಲೋರಿಡಾದಲ್ಲಿ ಮೊದಲು ವರದಿಯಾದ ಈ ಬೇನೆಯನ್ನು ಭಾರತದಲ್ಲಿ ವಿವರವಾಗಿ ಅಭ್ಯಾಸ ಮಾಡಿದವರು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು. ಕೆಲಸಗಾರರ ಕೈಗೆ ಕೈಗವಸು ತೊಡಿಸಿ ನಡೆಸಿದ ಅವರ ಪ್ರಯೋಗ 1987ರಲ್ಲಿ ಪ್ರಕಟವಾಯಿತು. ರಕ್ಷಣೆ ಸಿಕ್ಕ ಮೈ ಹೀರುವ ನಿಕೋಟಿನ್ ಇಳಿಯುತ್ತದೆ ಎಂಬುದು ಅದರ ಸಾರ. ಬೀಡಿ ಸೇದುವವರಿಗೆ, ತಂಬಾಕು ಜಗಿಯುವವರಿಗೆ ಮೈ ಒಗ್ಗಿಹೋಗಿರುವುದರಿಂದ ಈ ಬೇನೆ ಕಡಿಮೆ ಕಾಡುತ್ತದೆ. ಹೆಚ್ಚು ಅನುಭವಿಸುವವರು ತಂಬಾಕನ್ನು ಬಾಯಿಗೇ ಹಾಕದ ಹೆಂಗಸರು, ಹುಡುಗಿಯರು. ಒಗ್ಗಿಸಿಕೊಳ್ಳಲೆಂದು ಚಟ ಹಚ್ಚಿಕೊಳ್ಳುವುದು ಒಂದು ದಿನದ ವಾಂತಿ ತಪ್ಪಿಸಿ ಬಾಯಿ ಕ್ಯಾನ್ಸರನ್ನು ಕರೆದಂತೆ.

ನಿಪ್ಪಾಣಿಯ ತಂಬಾಕಿಗೆ ಹೋರಾಟದ ಚರಿತ್ರೆ ಇದೆ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ಬೆಳೆಗಾರರು ಬೆಲೆಗಾಗಿ ಹೆದ್ದಾರಿಯನ್ನೇ ತಡೆದು ಕೂತರು. ಪೊಲೀಸ್ ಗೋಲಿಬಾರಿಗೆ ರೈತರು ಬಲಿಯಾದರು. ತಂಬಾಕಿನ ವಖಾರಿಗಳ ಹೆಣ್ಣುಮಕ್ಕಳು ಕೂಲಿಗಾಗಿ, ಗೌರವಕ್ಕಾಗಿ ಸಂಘ ಕಟ್ಟಿದ್ದನ್ನು ದೀಪಾ ಧನರಾಜ್ ಇದ್ದ ಯುಗಾಂತರ್ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಬೆಲೆ, ಕೂಲಿಯಷ್ಟೇ ಗಟ್ಟಿಯಾಗಿ ಕೇಳಬೇಕಾದ ಮಾತು ದುಡಿಯುವ ಮೈಯ ಆರೋಗ್ಯದ್ದು.

ಹಸಿ ತಂಬಾಕು ಬೇನೆಗೆ ಮೊದಲ ಮದ್ದು ಗುಳಿಗೆಯಲ್ಲ. ಕೆಲಸ ನಿಲ್ಲಿಸುವುದು, ಒದ್ದೆ ಬಟ್ಟೆ ಕಳಚುವುದು, ಸಾಬೂನು ಹಚ್ಚಿ ಮೈ ತೊಳೆಯುವುದು, ನೀರು ಕುಡಿಯುವುದು. ನಿಕೋಟಿನ್ ರಕ್ತದಲ್ಲಿ ಎರಡು ತಾಸಿಗೆ ಅರ್ಧ ಇಳಿಯುತ್ತದೆ. ಹೊಸದಾಗಿ ಸೇರುವುದು ನಿಂತರೆ ಬಹುಮಟ್ಟಿಗೆ ಒಂದು ದಿನದೊಳಗೆ ಮೈ ಚೇತರಿಸಿಕೊಳ್ಳುತ್ತದೆ. ಒದ್ದೆ ಸೀರೆ ಮೈಮೇಲೆ ಇರುವಾಗಲೇ ಗುಳಿಗೆ ನುಂಗಿ ಮತ್ತೆ ಸಾಲಿಗೆ ಇಳಿದರೆ ವಿಷ ಸೇರುತ್ತಲೇ ಇರುತ್ತದೆ. ಅದೇ ಹೊಲದಲ್ಲಿ ಆ ದಿನವೋ ಹಿಂದಿನ ದಿನವೋ ಕೀಟನಾಶಕ ಹೊಡೆದಿದ್ದರೆ ಅಪಾಯ ಬೇರೆಯದೇ. ಜೊಲ್ಲು, ಕಣ್ಣೀರು, ಬೆವರು ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಸ್ನಾಯು ಅದುರತೊಡಗಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆ ಸೇರಬೇಕು. ಅಲ್ಲಿ ಬೇಕಾದ್ದು ಅಟ್ರೊಪಿನ್. ಮೆಡಿಕಲ್ ಅಂಗಡಿಯ ವಾಂತಿ ಗುಳಿಗೆ ಅಲ್ಲಿ ಕಳೆಯುವುದು ಅಮೂಲ್ಯ ಸಮಯವನ್ನು ಮಾತ್ರ.

ಗುಳಿಗೆಗೂ ಮಿತಿ ಇದೆ

ಒಂಡಾನ್‌ಸೆಟ್ರಾನ್ ಒಟ್ಟಾರೆ ಸುರಕ್ಷಿತ ಔಷಧ. ತಲೆನೋವು, ಮಲಬದ್ಧತೆ ಸಾಮಾನ್ಯ ತೊಂದರೆಗಳು. ಆದರೆ ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ವ್ಯವಸ್ಥೆ ಮತ್ತೆ ಸಜ್ಜಾಗುವುದನ್ನು ಅದು ಸ್ವಲ್ಪ ತಡಮಾಡುತ್ತದೆ. ಈ ಕಾರಣಕ್ಕೆ ಒಮ್ಮೆಗೇ ರಕ್ತನಾಳಕ್ಕೆ ಕೊಡುತ್ತಿದ್ದ 32 ಮಿ.ಗ್ರಾಂ ಪ್ರಮಾಣವನ್ನು ಅಮೆರಿಕದಲ್ಲಿ 2012ರಲ್ಲಿ ಕೈಬಿಡಲಾಯಿತು. ವಾಂತಿಭೇದಿಯಿಂದ ಪೊಟ್ಯಾಸಿಯಂ ಕಳೆದುಕೊಂಡವರು, ಹೃದ್ರೋಗಿಗಳು, ಕೆಲವು ಆ್ಯಂಟಿಬಯಾಟಿಕ್, ಮಾನಸಿಕ ರೋಗದ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಭಾರತದಲ್ಲಿ ಇದು ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಶೆಡ್ಯೂಲ್ ಎಚ್ ಔಷಧ.

ಮಕ್ಕಳ ವಾಂತಿಭೇದಿಯಲ್ಲಿ ಇದರ ನಿಜವಾದ ಉಪಕಾರ ಒಆರ್‌ಎಸ್ ಹೊಟ್ಟೆಯಲ್ಲಿ ನಿಲ್ಲುವಂತೆ ಮಾಡುವುದು. 215 ಮಕ್ಕಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಒಂದು ಸಲ ಔಷಧ ಪಡೆದ ಗುಂಪಿನಲ್ಲಿ ಮತ್ತೆ ವಾಂತಿ ಮಾಡಿದವರು ಶೇ 14. ಪಡೆಯದ ಗುಂಪಿನಲ್ಲಿ ಶೇ 35. ಸಲೈನ್ ಹಾಕಬೇಕಾದ ಪ್ರಸಂಗವೂ ಅರ್ಧಕ್ಕಿಂತ ಕಡಿಮೆಯಾಯಿತು. ಜೀವ ಉಳಿಸುವುದು ಮಾತ್ರ ಉಪ್ಪು ಸಕ್ಕರೆಯ ಆ ನೀರೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಅದನ್ನು ಕಲಸಿ ಕುಡಿಸಿ, ಶೇ 30ರ ಆಸುಪಾಸಿನಲ್ಲಿದ್ದ ಸಾವನ್ನು ಶೇ 4ರ ಕೆಳಕ್ಕೆ ತಂದರು. ಅವರ ಕೈಯಲ್ಲಿ ಒಂಡಾನ್‌ಸೆಟ್ರಾನ್ ಇರಲಿಲ್ಲ.

ವಾಂತಿಯಲ್ಲಿ ರಕ್ತ ಅಥವಾ ಹಸಿರು ಪಿತ್ತ, ಬಿಗಿದ ಹೊಟ್ಟೆ, ಕತ್ತು ಬಗ್ಗಿಸಲಾಗದಂತೆ ತಲೆನೋವು, ತಲೆಗೆ ಪೆಟ್ಟು, ಎದೆನೋವು, ಆರೇಳು ತಾಸಾದರೂ ಮೂತ್ರ ಹೋಗದ ಕೂಸು: ಇವುಗಳಲ್ಲಿ ಒಂದು ಕಂಡರೂ ಗುಳಿಗೆ ಕೊಟ್ಟು ಕಾಯಬಾರದು. ವೈದ್ಯರ ಮುಂದೆ ಕೂತಾಗ ಏನು ತಿಂದಿರಿ ಎಂಬುದರ ಜೊತೆಗೆ ಅಂದು ಏನು ಕೆಲಸ ಮಾಡಿದಿರಿ, ಯಾವ ಹೊಲದಲ್ಲಿ ಮಾಡಿದಿರಿ, ಅಲ್ಲಿ ಯಾವ ಔಷಧ ಹೊಡೆದಿದ್ದರು ಎಂಬುದನ್ನೂ ಹೇಳಿ. ವೈದ್ಯರು ಕೇಳದಿದ್ದರೂ ಹೇಳಿ. ಇನ್ನು ತಂಬಾಕು ಬೆಳೆಯುವ ರೈತರಿಗೆ ಒಂದು ಕೋರಿಕೆ: ಈ ಹಂಗಾಮಿಗೆ ಆಳಿಗೊಂದು ಜೊತೆ ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿಯ ಮೇಲೆ ತೊಡಲು ಪ್ಲಾಸ್ಟಿಕ್ ಹೊದಿಕೆ, ಬದುವಿನ ಮೇಲೆ ಒಂದು ಕೊಡ ನೀರು ಮತ್ತು ಸಾಬೂನು ಇರಲಿ, ಇಬ್ಬನಿ ಆರಿದ ಮೇಲೆ ಕೆಲಸ ಶುರುವಾಗಲಿ.